ಗೆಡ್ಡೆಯ ಲೇಖನದೊಳಗೆ ಪಾಳಾದ ಭತ್ತ

ಸ್ವಾತಿ, ನಿಖಿಲ,

ಧಾರವಾಡದಲ್ಲಿ ಸಂಶೋಧನಾ ಪತ್ರಿಕೆಗಳನ್ನು ಹೊರತರುವ ಕಚೇರಿಯಲ್ಲಿ ಕೆಲಸ ಸಿಕ್ಕಿತೆಂದು ಸ್ವಾತಿ ಫೋನ್ ಮಾಡಿದ ದಿನ, "ಅಜ್ಜಿ, ನೀನೂ ಇದ ಕೆಲಸ ಮಾಡ್ತಿದ್ದಿ ಅಂತಲ್ಲ, ಅಲ್ಲಿ ಏನೇನ್ ಮಾಡ್ತಿದ್ದಿ ಹೇಳು" ಎಂದು ಕೇಳಿದಳು. ನಾನು "ಏನ್ ಮಾಡ್ತಿದ್ನವಾ, ಲಕೋಟಿ ಅಂಟಿಸ್ತಿದ್ದೆ" ಎಂದು ಹೇಳಿ ಫೋನನ್ನು ಅವಳ ಅಮ್ಮನ ಕೈಗೆ ಕೊಟ್ಟುಬಿಟ್ಟೆ. ಆಮೇಲೆ ಅನ್ನಕ್ಕೆ ಇಡುವಾಗ ಹೇಳಬೇಕಾದದ್ದೆಲ್ಲ ಒಂದೊಂದಾಗಿ ನೆನಪಿಗೆ ಬಂತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಖಿಲ ಓದದಿದ್ದರೂ ನಡೆದೀತು, ಅವನಿಗೆ ಪರೀಕ್ಷೆ ಇದೆ.

ನಿಮ್ಮ ಅಜ್ಜ ಹಳಿಯಾಳದ ಕಾಲೇಜೊಂದರ ಗ್ರಂಥಾಲಯದಲ್ಲಿದ್ದರು. ಅವರು ತೀರಿಕೊಂಡ ಮೇಲೆ ಆಡಳಿತ ಮಂಡಳಿಯವರು ನನ್ನನ್ನು ಕರೆದು ಕಾಲೇಜಿನ ಸಂಶೋಧನಾ ಪತ್ರಿಕೆಯ ಕಚೇರಿಗೆ ಹಾಕಿದರು. ಎಷ್ಟು ಓದಿದ್ದೀರಿ ಎಂದು ಕೇಳಿದಾಗ ನಮ್ಮೂರ ಶಾಲೆಯ ಹೆಸರು ಹೇಳಿದೆ. ಆ ಶಾಲೆ ಸೂಪಾ ಅಣೆಕಟ್ಟಿನ ನೀರಿನಡಿ ಹೋಗಿ ಎಷ್ಟೋ ವರ್ಷವಾಗಿತ್ತು. "ಹಂಗಾರ ನಿಮ್ಮ ಮಾರ್ಕ್ಸ್ ಖರೇ ಏನು ಸುಳ್ಳೇನು ಅಂತ ನೋಡಲಿಕ್ಕೆ ಮುಳುಗಬೇಕಾಗ್ತದ" ಎಂದು ಒಬ್ಬರು ನಕ್ಕರು. ಕೆಲಸ ಸಿಕ್ಕಿತು. ದಾಂಡೇಲಿಯಿಂದ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ.

ಮೂರು ತಿಂಗಳಿಗೊಂದು ಸಂಚಿಕೆ. ಲೇಖನ ಬಂದ ಕೂಡಲೇ ಬರೆದವರ ಹೆಸರಿರುವ ಹಾಳೆಯನ್ನು ತೆಗೆದಿಟ್ಟು, ಉಳಿದದ್ದನ್ನು ಪರಿಶೀಲಕರಿಗೆ ಕಳಿಸಬೇಕು. ಪರಿಶೀಲಕರೆಂದರೆ ಆ ವಿಷಯ ಬಲ್ಲ ಬೇರೆ ಊರಿನ ಪ್ರಾಧ್ಯಾಪಕರು. ಬರೆದವರು ಯಾರೆಂದು ಅವರಿಗೆ ತಿಳಿಯಬಾರದು, ನೋಡಿದವರು ಯಾರೆಂದು ಬರೆದವರಿಗೆ ತಿಳಿಯಬಾರದು. ಎರಡೂ ತಿಳಿದವಳು ನಾನೊಬ್ಬಳು. ಮಾತು ಬಾರದ ಹೆಂಗಸಿಗೆ ಹೇಳಿ ಮಾಡಿಸಿದಂಥ ಕೆಲಸ.

ಮೊದಲಿದ್ದ ಸಂಪಾದಕರು ವಯಸ್ಸಾದವರು. ಕಣ್ಣು ಮಂಜಾಗಿತ್ತು. ಬಂದ ಲೇಖನವನ್ನು ನನ್ನಿಂದ ಗಟ್ಟಿಯಾಗಿ ಓದಿಸಿ ಕೇಳುತ್ತಿದ್ದರು. ನನಗೆ ದನಿ ಏಳುತ್ತಿರಲಿಲ್ಲ. "ಇನ್ನಷ್ಟು ಜೋರಾಗಿ ಓದ್ರಿ, ಬರದವರು ದೂರ ಇದ್ದಾರ, ಕೇಳಿಸೂದಿಲ್ಲ ಅವರಿಗೆ" ಎನ್ನುತ್ತಿದ್ದರು. ನಡುನಡುವೆ ಕೈ ಎತ್ತಿ ನಿಲ್ಲಿಸುವರು. "ಇಲ್ಲಿ ಬ್ಯಾರೆ ಮನಷಾ ಬಂದ ನೋಡ್ರಿ." ಅಲ್ಲಿಯವರೆಗೆ ತಡವರಿಸುತ್ತಿದ್ದ ಬರವಣಿಗೆ ಒಮ್ಮೆಲೇ ಸರಾಗವಾಗಿ ಓಡತೊಡಗಿರುತ್ತಿತ್ತು. ಆರು ಪುಟದ ಲೇಖನದಲ್ಲಿ "ಹಿಂದಿನ ಅಧ್ಯಾಯದಲ್ಲಿ ವಿವರಿಸಿದಂತೆ" ಎಂದು ಬರುವುದೂ ಇತ್ತು. ಸಾಗವಾನಿ ಕುರಿತ ಒಂದು ಲೇಖನದಲ್ಲಿ "ಮೇಲಿನ ನಕ್ಷೆಯಲ್ಲಿ ಕಾಣುವಂತೆ" ಎಂದಿತ್ತು. ನಕ್ಷೆಯೇ ಇರಲಿಲ್ಲ. ನಕ್ಷೆ ಎಲ್ಲಿ ಎಂದು ಕೇಳಿ ಪತ್ರ ಬರೆದೆವು. ಬರೆದವರು ಪುನಃ ನಮ್ಮ ಕಡೆ ತಲೆ ಹಾಕಲಿಲ್ಲ. ಕೃತಿಚೌರ್ಯ ಎನ್ನುವ ಪದವನ್ನು ಆ ಸಂಪಾದಕರು ಬಳಸಿದ್ದು ನನಗೆ ನೆನಪಿಲ್ಲ. "ಯಾರೋ ಪಾಪ, ಬಡ್ತಿ ಸಲುವಾಗಿ" ಎಂದು ಲೇಖನವನ್ನು ತಿರುಗಿ ಕಳಿಸಿಬಿಡುತ್ತಿದ್ದರು.

ಅವರ ನಂತರ ಕುಲಕರ್ಣಿ ಸರ್ ಬಂದರು. ಅರ್ಥಶಾಸ್ತ್ರದವರು. ಪ್ರಾಮಾಣಿಕರು, ಮುಂಗೋಪಿ, ಚಹದ ಕಪ್ಪನ್ನು ಎಲ್ಲಿಟ್ಟೆ ಎಂದು ದಿನವೂ ಹುಡುಕುವವರು. ಅವರ ಕಾಲದಲ್ಲಿ ಹೋಲಿಕೆ ಹುಡುಕುವ ತಂತ್ರಾಂಶ ಬಂತು. ಲೇಖನವನ್ನು ಅದಕ್ಕೆ ಹಾಕಿದರೆ ಜಗತ್ತಿನಲ್ಲಿ ಈಗಾಗಲೇ ಇರುವ ಬರಹಗಳೊಡನೆ ಹೋಲಿಸಿ, ಶೇಕಡಾ ಇಷ್ಟು ಒಂದೇ ಆಗಿದೆ ಎಂದು ಹೇಳುತ್ತದೆ. ಮೊದಲ ಸಂಚಿಕೆಯ ಎಲ್ಲ ಲೇಖನಗಳನ್ನು ಹಾಕಿದೆವು. ಎಲ್ಲಕ್ಕೂ ಶೂನ್ಯ ಬಂತು. ಕುಲಕರ್ಣಿ ಸರ್ ಹಿಗ್ಗಿ ಕಚೇರಿಗೆ ಪೇಢೆ ತರಿಸಿದರು. "ನಮ್ಮ ಕಡೆ ಮಂದಿ ಬಡವರಿರಬಹುದು ಶಾಂತಾಬಾಯಿ, ಕಳ್ಳರಲ್ಲ" ಎಂದರು. ಅದನ್ನೇ ಸಂಪಾದಕೀಯದಲ್ಲೂ ಬರೆದರು.

ಸಂಚಿಕೆ ಹೊರಬಂದ ಮೇಲೆ ಬೇರೆ ಜಿಲ್ಲೆಯ ಒಬ್ಬರು ಫೋನ್ ಮಾಡಿ, ತಮ್ಮ ಲೇಖನ ನಮ್ಮ ಪತ್ರಿಕೆಯಲ್ಲಿ ಮತ್ತೊಬ್ಬರ ಹೆಸರಿನಲ್ಲಿ ಅಚ್ಚಾಗಿದೆ ಎಂದರು. ತೆಗೆದು ನೋಡಿದರೆ ನಿಜ. ಆಗ ಕಂಪ್ಯೂಟರ್ ಬಲ್ಲವರನ್ನು ಕರೆಸಿ ಕೇಳಿದೆವು. ನಮಗೆ ಬರುತ್ತಿದ್ದ ಲೇಖನಗಳೆಲ್ಲ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಆದವು. ಪರದೆಯ ಮೇಲೆ ಕನ್ನಡವಾಗಿ ಕಂಡರೂ ಒಳಗೆ ಅವು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ತಂತ್ರಾಂಶ ಆ ಕಲಸುಮೇಲೋಗರವನ್ನು ಜಗತ್ತಿನಲ್ಲೆಲ್ಲ ಹುಡುಕಿ, ಎಲ್ಲೂ ಕಾಣದೆ, ಶೂನ್ಯ ಎಂದಿತ್ತು. ಯೂನಿಕೋಡಿನಲ್ಲಿ ಟೈಪ್ ಮಾಡಿದ್ದರೆ ಮಾತ್ರ ಅದಕ್ಕೆ ಕನ್ನಡ ತಿಳಿಯುತ್ತದೆ. ಪೇಢೆ ತಿಂದವರೆಲ್ಲ ಕೆಲವು ದಿನ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಕುಲಕರ್ಣಿ ಸರ್‌ಗೆ ಅದು ಬಹಳ ನೋವು ಮಾಡಿತು. ಅಲ್ಲಿಂದ ಅವರು ಪೂರ್ತಿ ಇನ್ನೊಂದು ಕಡೆಗೆ ವಾಲಿದರು. ಯೂನಿಕೋಡಿನಲ್ಲಿ, ನಮ್ಮದೇ ಮಾದರಿಯಲ್ಲಿ, ಅಂಚು ಇಷ್ಟೇ ಬಿಟ್ಟು, ಶೀರ್ಷಿಕೆಗಳನ್ನು ಹೀಗೇ ಹಾಕಿ ಕಳಿಸದಿದ್ದರೆ ಲೇಖನ ವಾಪಸು. ಹೋಲಿಕೆ ಹೆಚ್ಚು ಬಂದರೆ ಆ ಲೇಖನವನ್ನು ಯಾರೂ ಓದುವಂತಿಲ್ಲ, ಪಕ್ಕಕ್ಕೆ. ಜೊತೆಗೆ ಸಂಚಿಕೆಯ ಕೊನೆಯ ಪುಟದಲ್ಲಿ ಒಂದು ಕಪ್ಪು ಚೌಕಟ್ಟು. ಕದ್ದು ಬರೆದವರ ಹೆಸರು, ಕಾಲೇಜು, ಲೇಖನದ ಶೀರ್ಷಿಕೆ ಅದರೊಳಗೆ. ಮೊದಲು ಆ ಚೌಕಟ್ಟು ಸೇರಿದವರು ಬೇರೆಯವರ ಲೇಖನ ಕಳಿಸಿದ್ದ ಆ ಮನುಷ್ಯನೇ. ಅವರಿಗೆ ಅದು ತಕ್ಕದ್ದೇ ಎಂದು ನನಗೂ ಅನಿಸಿತ್ತು. ನಮ್ಮ ಪತ್ರಿಕೆ ಚಿಕ್ಕದಾದರೂ ಸುತ್ತಲಿನ ಎಲ್ಲ ಕಾಲೇಜುಗಳಿಗೂ ಹೋಗುತ್ತಿತ್ತು. ಓದುಗರು ಲೇಖನ ಬಿಟ್ಟು ಕೊನೆಯ ಪುಟವನ್ನೇ ಮೊದಲು ತೆರೆಯತೊಡಗಿದರು.

ಹೀಗಿರುವಾಗ ಕ್ಲಾರಾಳ ಲೇಖನ ಬಂತು.

ಕ್ಲಾರಾ ಹಳಿಯಾಳ ತಾಲೂಕಿನ ಹಳ್ಳಿಯೊಂದರ ಸಿದ್ದಿ ಬುಡಕಟ್ಟಿನ ಮನೆತನದ ಹುಡುಗಿ. ಮನೆಯಲ್ಲಿ ಎಲ್ಲರದೂ ಹೊಲದ ಕೆಲಸ, ಕೂಲಿ ಕೆಲಸ. ಇವಳೊಬ್ಬಳು ಓದಿ ಜೋಯಿಡಾದಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಳು. ಜೋಯಿಡಾದ ಹಳ್ಳಿಗಳಲ್ಲಿ ಬೆಳೆಯುವ ಗೆಡ್ಡೆಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು. ಪ್ರಬಂಧ ಒಪ್ಪಿಸಬೇಕಾದರೆ ಒಂದು ಲೇಖನ ಅಚ್ಚಾಗಿರಬೇಕು, ಅದನ್ನು ನಮಗೆ ಕಳಿಸಿದ್ದಳು. ತಂತ್ರಾಂಶಕ್ಕೆ ಹಾಕಿದಾಗ ಹೋಲಿಕೆ ಶೇಕಡಾ ಮೂವತ್ತು ದಾಟಿತು. ಅದೂ ನಮ್ಮದೇ ಪತ್ರಿಕೆಯಲ್ಲಿ ಹಿಂದೆ ಬಂದಿದ್ದ ಲೇಖನದೊಡನೆ.

ಕುಲಕರ್ಣಿ ಸರ್ ಕುರ್ಚಿಯಿಂದ ಎದ್ದೇಬಿಟ್ಟರು. "ನಮ್ಮ ಮನ್ಯಾಗಿಂದ ಕದ್ದು ನಮಗ ಮಾರಲಿಕ್ಕೆ ಬಂದಾಳ! ಹೆಸರು ಚೌಕಟ್ಟಿನ್ಯಾಗ ಹಾಕ್ರಿ."

ನಾನೂ ಅವಳು ಕದ್ದಿದ್ದಾಳೆಂದೇ ತಿಳಿದಿದ್ದೆ. ಆದರೂ ಹೆಸರು ಟೈಪ್ ಮಾಡುವುದನ್ನು ಅರ್ಧಕ್ಕೆ ನಿಲ್ಲಿಸಿದೆ. ಒಮ್ಮೆ ಹೆಸರು ಅಚ್ಚಾದರೆ ಪ್ರಬಂಧವೂ ಇಲ್ಲ, ನೌಕರಿಯೂ ಇಲ್ಲ. ಚಹದ ಕಪ್ಪು ಹುಡುಕಿಕೊಡುವ ನೆಪದಲ್ಲಿ ಅವರ ಮೇಜಿನ ಹತ್ತಿರ ಹೋದೆ.

"ಸರ್, ಹಾಕೂಕ್ಕಿಂತ ಮೊದಲ ಒಮ್ಮೆ ಆಕಿನ್ನ ಕೇಳಿ ನೋಡೂಣೇನ್ರಿ?"

"ಕೇಳಿದ್ರ ಏನಂತಾಳ? ಹೌದ್ರಿ, ಕದ್ದೇನಿ, ತಪ್ಪಾತು ಅಂತಾಳೇನು?"

ನಾನು ಕಪ್ಪು ಹಿಡಿದುಕೊಂಡು ಅಲ್ಲೇ ನಿಂತೆ. ನಾನು ಹಾಗೆ ನಿಂತರೆ ಅವರಿಗೆ ಕಿರಿಕಿರಿ.

"ಆತು, ಕರೀರಿ. ಬುಧವಾರ ಬರಲಿ. ಗುರುವಾರ ಮುಂಜಾನೆ ಕೊನೀ ಪುಟ ಅಚ್ಚಿಗೆ ಹೋಗ್ತದ, ನೆನಪಿರಲಿ."

ಫೋನ್ ಮಾಡಬೇಕಾದವಳು ನಾನು. ಹೇಳಬೇಕಾದದ್ದನ್ನು ಮೂರು ಬಗೆಯಲ್ಲಿ ಮನಸ್ಸಿನಲ್ಲೇ ಹೊಂದಿಸಿಕೊಂಡೆ. ಅವಳು ಆ ಕಡೆಯಿಂದ "ಹಲೋ, ಯಾರ್ರಿ?" ಎಂದ ಕೂಡಲೇ ಎಲ್ಲ ಮರೆತು, "ನಿಮ್ಮ ಲೇಖನದ್ದ ಸ್ವಲ್ಪ ಕೆಲಸ ಐತ್ರಿ, ಬುಧವಾರ ಬಂದು ಹೋಗ್ರಿ" ಎಂದು ಇಟ್ಟುಬಿಟ್ಟೆ.

ಸ್ವಾತಿ, ಇದನ್ನು ಗಮನದಲ್ಲಿಡು. ಮೆತ್ತಗೆ ಹೇಳಬೇಕೆಂದು ಹೋಗಿ ವಿಷಯವನ್ನೇ ಹೇಳದಿದ್ದರೆ ಎದುರಿನವರಿಗೆ ಅದು ಇನ್ನೂ ಕಷ್ಟ. ಬುಧವಾರ ಕ್ಲಾರಾ ಹೊಸ ಸೀರೆ ಉಟ್ಟು, ಲೇಖನ ಒಪ್ಪಿಗೆಯಾಯಿತೆಂದೇ ತಿಳಿದು, ಕೈಯಲ್ಲಿ ಒಂದು ಚೀಲ ಮುಡ್ಲಿ ಗೆಡ್ಡೆ ಹಿಡಿದುಕೊಂಡು ಬಂದಳು. "ಆಫೀಸಿನವರಿಗೆ ಅಂತ ತಂದೇನ್ರಿ ಮಾವಶಿ. ಸಾರು ಮಾಡ್ರಿ, ಭಾಳ ಚಲೋ ಆಗ್ತೈತಿ." ನಾನು ಚೀಲ ಇಸಿದುಕೊಂಡು ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡೇ ನಿಂತೆ.

ಕುಲಕರ್ಣಿ ಸರ್ ಮಾತು ಬೆಳೆಸಲಿಲ್ಲ. ಹೋಲುವ ಸಾಲುಗಳಿಗೆ ತಂತ್ರಾಂಶ ಬಣ್ಣ ಬಳಿದಿದ್ದ ಪುಟಗಳನ್ನು ಅವಳ ಮುಂದಿಟ್ಟು, "ಓದವಾ" ಎಂದರು.

ಅವಳು ಓದಿದಳು. ಮೂರನೆಯ ಪುಟಕ್ಕೆ ಬಂದಾಗ ಹುಬ್ಬು ಗಂಟಾಯಿತು. "ಇದು ನಂದಲ್ಲರಿ ಸರ್."

"ನೋಡ್ರಿ, ಆಕೀನ ಒಪ್ಪಿಕೊಂಡ್ಲು" ಎಂದು ಸರ್ ನನ್ನ ಕಡೆ ತಿರುಗಿದರು.

"ಒಪ್ಪಿಕೊಳ್ಳೂದಲ್ರಿ! ನಾ ಬರದದ್ದಲ್ಲ ಅಂತ ಹೇಳಾಕತ್ತೇನಿ. ನೋಡ್ರಿ ಇಲ್ಲಿ, ಪಾಳಾ ಭಾಗದ ರೈತರು ಕೂರಿಗೆಯಿಂದ ಭತ್ತ ಬಿತ್ತುವಾಗ ಅಂತೈತಿ. ಪಾಳಾ ಮುಂಡಗೋಡ ಕಡೆ ಐತಿ. ನಾ ಒಮ್ಮೆನೂ ಹೋಗಿಲ್ಲ. ನಂದು ಜೋಯಿಡಾದ ಗೆಡ್ಡಿ. ಗೆಡ್ಡಿ ಯಾರರೆ ಕೂರಿಗಿಲೆ ಬಿತ್ತತಾರೇನ್ರಿ?"

ಆಗ ನಾವಿಬ್ಬರೂ ಮೊದಲ ಸಲ ಆ ಪುಟವನ್ನು ಓದಿದೆವು. ಅಲ್ಲಿಯವರೆಗೆ ನೋಡಿದ್ದು ಅಂಕಿಯನ್ನು ಮಾತ್ರ. ಮುಡ್ಲಿಯನ್ನು ಮಣ್ಣಿನಿಂದ ತೆಗೆದು ಬೂದಿ ಸವರಿ ಇಡುವ ವಿವರದ ಮಧ್ಯೆ ಪಾಳಾದ ಭತ್ತ, ಅದರ ಕಳೆ, ಅದರ ಇಳುವರಿ, ಒಂದು ಕೋಷ್ಟಕ. ಅದಾದ ಮೇಲೆ ಏನೂ ನಡೆದೇ ಇಲ್ಲವೆಂಬಂತೆ ಮತ್ತೆ ಗೆಡ್ಡೆ.

"ಹಂಗಾರ ಇದು ಹೆಂಗ ಬಂತು?" ಎಂದರು ಸರ್.

"ಗೊತ್ತಿಲ್ಲರಿ. ದಾಂಡೇಲಿ ಬಸ್ ಸ್ಟ್ಯಾಂಡ್ ಬಾಜೂ ಡಿಟಿಪಿ ಅಂಗಡ್ಯಾಗ ಮಾಡಿಸೇನಿ. ಮೊದಲ ಪ್ರಿಂಟ್ ಪೂರಾ ಓದಿ ತಿದ್ದೇನಿ. ಆಮ್ಯಾಲೆ ನೀವು ಮಾದರಿ ಸರಿ ಇಲ್ಲ ಅಂತ ವಾಪಸ್ ಕಳಿಸಿದ್ರಿ. ಅಂಗಡಿಯವರಿಗೆ ಫೋನ್ ಮಾಡಿ ಸರಿ ಮಾಡಿ ಕಳಿಸ್ರಿ ಅಂದೆ. ಅವರ ಕಳಿಸ್ಯಾರ."

"ಎಲ್ಲಾರೂ ಕಡೀಕ ಟೈಪ್ ಮಾಡಿದವನ ಮ್ಯಾಲೆ ಹಾಕ್ತಾರ" ಎಂದರು ಕುಲಕರ್ಣಿ ಸರ್. ಆದರೆ ದನಿಯಲ್ಲಿ ಮೊದಲಿನ ಗಡಸು ಇರಲಿಲ್ಲ. "ಇದಕ್ಕ ಪುರಾವೆ ತಂದು ತೋರಿಸವಾ. ಇಲ್ಲಂದ್ರ ನಾಳೆ ಪುಟ ಅಚ್ಚಾಗ್ತದ. ನಿನ್ನ ಒಬ್ಬಾಕಿ ಸಲುವಾಗಿ ನಿಯಮ ಬದಲ ಮಾಡಲಿಕ್ಕೆ ಬರೂದಿಲ್ಲ."

ಸಂಜೆ ದಾಂಡೇಲಿ ಬಸ್ಸಿನಲ್ಲಿ ನಾವಿಬ್ಬರೂ ಒಂದೇ ಸೀಟಿನಲ್ಲಿ ಕುಳಿತೆವು. ಗೆಡ್ಡೆಯ ಚೀಲ ನನ್ನ ತೊಡೆಯ ಮೇಲೇ ಇತ್ತು. ಹಳಿಯಾಳ ದಾಟಿದ ಮೇಲೆ ಅವಳು ಹೇಳಿದಳು: "ಬ್ಯಾರೆ ಯಾರರೆ ಆಗಿದ್ರ ಮಂದಿ, ಛೇ, ಇರಲಿಕ್ಕಿಲ್ಲ ಬಿಡ್ರಿ ಅಂತಿದ್ರು ಮಾವಶಿ. ನಮ್ಮಂಥಾವರ ಹೆಸರು ಬಂದ್ರ ನಂಬಾಕ ಯಾರಿಗೂ ತ್ರಾಸ ಆಗೂದಿಲ್ಲ."

ನಾನೂ ನಂಬಿದ್ದೆನಲ್ಲ.

ಡಿಟಿಪಿ ಅಂಗಡಿ ಇಮ್ತಿಯಾಜ್ ಎನ್ನುವವನದು. ನಗುಮುಖದವನು. ದಾಂಡೇಲಿಯ ಅರ್ಧ ಮದುವೆ ಪತ್ರಿಕೆಗಳು ಅವನಲ್ಲೇ ಆಗುತ್ತಿದ್ದವು. ಕ್ಲಾರಾ ವಿಷಯ ಹೇಳಿದಾಗ ಅವನಿಗೆ ಸಿಟ್ಟು ಬಂತು. "ನಾ ಯಾಕ ಭತ್ತ ಹಾಕ್ಲಿ ಮೇಡಂ? ನನಗೇನ್ ಭತ್ತದ ಧಂದೆ ಐತೇನು?"

"ಹಂಗಲ್ಲ ತಮ್ಮಾ" ಎಂದೆ ನಾನು. "ನೀ ಹೆಂಗ ಮಾಡ್ತಿ, ಅದನ್ನಷ್ಟ ತೋರಿಸು."

ಅವನು ಹೆಮ್ಮೆಯಿಂದಲೇ ತೋರಿಸಿದ. ಪ್ರತಿ ಲೇಖನಕ್ಕೂ ಅಂಚು, ಸಾಲಿನ ನಡುವಿನ ಜಾಗ, ಶೀರ್ಷಿಕೆ ಎಂದು ಹೊಸದಾಗಿ ಹೊಂದಿಸುತ್ತ ಕುಳಿತರೆ ದಿನ ಹೋಗುತ್ತದೆ. ಅದಕ್ಕಾಗಿ ಮೊದಲೇ ಒಪ್ಪವಾಗಿ ಮಾಡಿಟ್ಟ ಬೇರೆ ಒಂದು ಲೇಖನದ ಫೈಲ್ ತೆರೆಯುತ್ತಾನೆ. ಪೀಠಿಕೆಯ ಕೆಳಗಿದ್ದುದನ್ನು ಅಳಿಸಿ ಹೊಸಬರ ಪೀಠಿಕೆ, ವಿಧಾನದ ಕೆಳಗಿದ್ದುದನ್ನು ಅಳಿಸಿ ಹೊಸಬರ ವಿಧಾನ. ಎಲ್ಲ ಆದ ಮೇಲೆ ಹೆಸರು ಬದಲಿಸಿ ಉಳಿಸಿಕೊಳ್ಳುತ್ತಾನೆ. ಮದುವೆ ಪತ್ರಿಕೆಗಳನ್ನೂ ಹೀಗೆಯೇ ಮಾಡುವುದಂತೆ. ಆ ಹಳೆಯ ಫೈಲಿನಲ್ಲಿ ಕೋಷ್ಟಕದ ಹಿಂದೆಮುಂದೆ ಇದ್ದ ಭಾಗ ಅಳಿಸದೆ ಹಾಗೇ ಕುಳಿತಿತ್ತು.

"ಯಾ ಅಲ್ಲಾ" ಎಂದು ಅವನೇ ತಲೆಯ ಮೇಲೆ ಕೈ ಇಟ್ಟುಕೊಂಡ. "ಉಳದಬಿಟ್ಟೈತಲ್ರಿ!"

"ಈ ಭತ್ತದ ಫೈಲ್ ನಿನ್ನ ಹಂತೇಲೆ ಹೆಂಗ ಬಂತು?" ಎಂದು ಕೇಳಿದೆ. ಆ ಲೇಖನ ಬರೆದವರು ಮುಂಡಗೋಡದ ನಿವೃತ್ತ ಶಿಕ್ಷಕರು, ಪಾಟೀಲ ಮಾಸ್ತರು. ಅವರು ದಾಂಡೇಲಿಗೆ ಬಂದು ಟೈಪ್ ಮಾಡಿಸುವವರಲ್ಲ.

ಇಮ್ತಿಯಾಜ್ ನನ್ನನ್ನು ವಿಚಿತ್ರವಾಗಿ ನೋಡಿದ. "ನಿಮ್ಮ ಆಫೀಸಿನವರ ಕಳಿಸೀರಲ್ರಿ ಮಾವಶಿ. ಮಾದರಿ ಹೆಂಗಿರಬೇಕು ಅಂತ ನಾ ದಿನಾ ಫೋನ್ ಮಾಡಿ ಕೇಳತಿದ್ದೆ. ಕುಲಕರ್ಣಿ ಸಾಹೇಬರು, ಇದ ನೋಡು, ಇದರಂಗ ಮಾಡು ಅಂತ ಇದನ್ನ ಕಳಿಸಿದ್ರು. ಭಾಳ ಚಲೋ ಐತ್ರಿ ಫೈಲ್. ಎಲ್ಲಾರದೂ ಇದರ ಮ್ಯಾಲನ ಮಾಡ್ತೇನಿ."

ಆ ಲೇಖನದ ಕೋಷ್ಟಕ ಚೆನ್ನಾಗಿದೆಯೆಂದು ಸರ್ ಅದನ್ನು ಆರಿಸಿ, ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡದ ಅಂಗಡಿಗಳಿಗೆಲ್ಲ ಕಳಿಸಿದ್ದು ಆಗ ನನಗೆ ನೆನಪಾಯಿತು. ಪಾಳಾದ ಭತ್ತವನ್ನು ನಾಲ್ಕೂ ಊರಿಗೆ ಹಂಚಿದವರು ನಾವೇ.

ಅಂಗಡಿಯ ಮುಂದೆ ನಿಂತು ಸರ್‌ಗೆ ಫೋನ್ ಮಾಡಿದೆ. ಈ ಸಲ ಮಾತು ಹೊಂದಿಸಿಕೊಳ್ಳಲು ಸಮಯವಿರಲಿಲ್ಲ.

"ಸರ್, ಪುರಾವೆ ಸಿಕ್ಕೈತ್ರಿ. ಹಳೆ ಫೈಲಿನ ಮ್ಯಾಲೆ ಆಕಿಂದು ಕೂಡಿಸ್ಯಾರ. ಭತ್ತ ಅದರಾಗಿಂದ ಉಳದೈತ್ರಿ."

"ಆ ಫೈಲು ಅವಗ ಯಾರು ಕೊಟ್ಟರು? ಅವರ ಹೆಸರು ಹೇಳ್ರಿ. ಅವರ ಹೆಸರ ಹಾಕೂಣು ಚೌಕಟ್ಟಿನ್ಯಾಗ."

"ನಾವ ರೀ, ಸರ್."

"ನಾವಂದ್ರ ಯಾರ್ರಿ?" ಎಂದರು ಸರ್.

"ಮಾದರಿ ಅಂತ ನೀವು ಕಳಿಸಿದ್ರಲ್ರಿ, ಅದ" ಎಂದೆ. ನನ್ನ ಸೇವೆಯಲ್ಲಿ ಮೇಲಿನವರಿಗೆ ಅಷ್ಟು ನೇರವಾಗಿ ಹೇಳಿದ್ದು ಅದೊಂದೇ ಸಲ.

"ಪ್ರೆಸ್ಸಿನವಗ ಫೋನ್ ಮಾಡ್ತೇನಿ" ಎಂದು ಅವರು ಇಟ್ಟರು.

ಕ್ಲಾರಾಳ ಜೋಯಿಡಾ ಬಸ್ಸು ಬಂತು. ಅವಳು ಹತ್ತಲಿಲ್ಲ. ಬಸ್ಸು ಹೋಯಿತು. ಇಮ್ತಿಯಾಜ್ ಎರಡು ಸ್ಟೂಲ್ ಹೊರಗೆ ತಂದಿಟ್ಟ. ಹೆಸರಿದ್ದ ಪುಟವನ್ನು ಸರ್ ಆಗಲೇ ಹುಬ್ಬಳ್ಳಿಯ ಪ್ರೆಸ್ಸಿಗೆ ಕಳಿಸಿಟ್ಟಿದ್ದರು, ಅಲ್ಲಿಯವರು ಕೆಲವೊಮ್ಮೆ ಒಂದು ದಿನ ಮೊದಲೇ ಮುದ್ರಿಸಿಬಿಡುವುದಿತ್ತು. ಅದು ನನಗೆ ಗೊತ್ತಿತ್ತು, ಅವಳಿಗೆ ಹೇಳಲಿಲ್ಲ. ಅವಳು ಸೀರೆಯ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕುಳಿತಿದ್ದಳು.

ಫೋನ್ ಬಂತು. ಕುಲಕರ್ಣಿ ಸರ್ "ನಿಲ್ಲಿಸೇನಿ" ಎಂದರು, ಅಷ್ಟೇ. ನಾನು ಕ್ಲಾರಾಳ ಕಡೆ ನೋಡಿ ತಲೆಯಾಡಿಸಿದೆ. ಅವಳು ಉದ್ದಕ್ಕೆ ಉಸಿರು ಬಿಟ್ಟು, ಕಣ್ಣೊರೆಸಿಕೊಂಡು, "ಮಾವಶಿ, ಏನರೆ ತಿನ್ನೂಣು ಬರ್ರಿ. ಮುಂಜಾನಿಂದ ಹೊಟ್ಟ್ಯಾಗ ಏನೂ ಇಲ್ಲ" ಎಂದಳು. ಬಸ್ ಸ್ಟ್ಯಾಂಡಿನ ಎದುರು ಮಿರ್ಚಿ ಭಜಿ ತಿಂದೆವು. ಇಮ್ತಿಯಾಜನೂ ಬಂದ. ತಪ್ಪು ತನ್ನದೆಂದು ಹಣ ತಾನೇ ಕೊಟ್ಟ. ಆ ರಾತ್ರಿ ಅವಳು ನಮ್ಮ ಮನೆಯಲ್ಲಿ ಉಳಿದಳು, ಮುಡ್ಲಿ ಸಾರು ಅವಳೇ ಮಾಡಿದಳು. ನಿಮ್ಮ ಅಪ್ಪ ಈಗಲೂ ಆ ಸಾರಿನ ಮಾತು ತೆಗೆಯುತ್ತಾನೆ.

ಮರುದಿನ ಸರ್ ಹಳೆಯ ಸಂಚಿಕೆಗಳನ್ನೆಲ್ಲ ತೆಗೆಸಿದರು. ಮಾದರಿ ಕಳಿಸಿದ ಮೇಲೆ ಬಂದ ಲೇಖನಗಳನ್ನು ಇಬ್ಬರೂ ಕುಳಿತು ಅಕ್ಷರ ಅಕ್ಷರ ಓದಿದೆವು. ಜೇನು ಸಾಕಣೆಯ ಲೇಖನವೊಂದರ ಕೊನೆಗೆ ಪಾಟೀಲ ಮಾಸ್ತರರ ಕೃತಜ್ಞತೆ ಇದ್ದಹಾಗೇ ಇತ್ತು. ಅದನ್ನು ಬರೆದ, ಇನ್ನೂ ಮದುವೆಯಾಗದ ಹುಡುಗ ತನ್ನ ಹೆಂಡತಿಗೂ ಸೊಸೆಯಂದಿರಿಗೂ ವಂದನೆ ಹೇಳಿದ್ದ. ಅದು ಅಚ್ಚಾಗಿ, ಎಲ್ಲ ಕಾಲೇಜುಗಳಿಗೂ ಹೋಗಿ, ಯಾರೂ ಕೇಳಿರಲಿಲ್ಲ. ಸರ್ ಮೊದಲು ಸಿಟ್ಟಾದರು, ಆಮೇಲೆ ನಗಲು ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ಅವರು ನಕ್ಕದ್ದನ್ನು ನಾನು ನೋಡಿದ್ದು ಆವತ್ತೊಂದೇ ದಿನ.

ಪಾಟೀಲ ಮಾಸ್ತರರಿಗೆ ವಿಷಯ ತಿಳಿಸುವುದು ನ್ಯಾಯ. ಸರ್ ಅವರೇ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು. ನಿಮ್ಮ ಲೇಖನದ ಭಾಗ ಒಬ್ಬರ ಲೇಖನದಲ್ಲಿ ಬಂದಿದೆ ಎಂದಾಗ ಮಾಸ್ತರು, "ಹೌದೇನ್ರಿ! ಅಷ್ಟ ಚಲೋ ಅನಿಸಿತೇನ್ರಿ ಅವರಿಗೆ?" ಎಂದು ಹಿಗ್ಗಿದರು. ಯಾರೂ ಓದಿ ಕದ್ದದ್ದಲ್ಲ, ಟೈಪ್ ಮಾಡುವಾಗ ಉಳಿದುಬಿಟ್ಟದ್ದು ಎಂದು ಬಿಡಿಸಿ ಹೇಳಿದ ಮೇಲೆ, "ಹಂಗಾರ ಯಾರೂ ಓದಿಲ್ಲನ್ರಿ" ಎಂದರು. ಸರ್ ಅವರಿಗೆ ಒಂದು ಸಂಚಿಕೆ ಉಚಿತವಾಗಿ ಕಳಿಸಲು ಹೇಳಿದರು.

ಆಮೇಲೆ ನಮ್ಮ ಕೆಲಸದ ರೀತಿ ಬದಲಾಯಿತು. ಅಂಗಡಿಗಳಿಗೆ ಒಳಗೆ ಏನೂ ಇಲ್ಲದ ಖಾಲಿ ಮಾದರಿ ಹೋಯಿತು. ಅಂತಿಮ ಪುಟಗಳನ್ನು ಬರೆದವರೇ ಓದಿ ಒಪ್ಪಿದ ಹೊರತು ಯಾವುದೂ ಮುಂದೆ ಹೋಗುತ್ತಿರಲಿಲ್ಲ. ತಂತ್ರಾಂಶ ಎಷ್ಟೇ ಅಂಕಿ ಕೊಡಲಿ, ಬಣ್ಣ ಬಿದ್ದ ಸಾಲುಗಳನ್ನು ಒಬ್ಬರು ಓದಲೇಬೇಕು, ಬರೆದವರನ್ನು ಕೇಳಲೇಬೇಕು. ಕೇಳುವ ಕೆಲಸ ನನ್ನ ಪಾಲಿಗೆ ಬಂತು. ಅದಾದ ಮೇಲೂ ಕದ್ದವರು ಇದ್ದರು, ಸ್ವಾತಿ. ನಿನ್ನ ಕಚೇರಿಗೂ ಬರುತ್ತಾರೆ. ಕೇಳಿದಾಗ ಅವರು ಬಹಳ ಮಾತಾಡುತ್ತಾರೆ, ಕದಿಯದವರು ಮೊದಲು ಗಾಬರಿಯಾಗುತ್ತಾರೆ. ಇದನ್ನೂ ಪೂರ್ತಿ ನಂಬಬೇಡ. ಕ್ಲಾರಾ ಗಾಬರಿಯಾಗಲಿಲ್ಲ, ನನ್ನ ಮುಂದೆ ಹುಬ್ಬು ಗಂಟು ಹಾಕಿದಳು. ಓದಿ ನೋಡುವುದನ್ನು ಬಿಟ್ಟು ಬೇರೆ ದಾರಿಯನ್ನು ನಾನು ಕಂಡಿಲ್ಲ.

ಸ್ವಲ್ಪ ದಿನದ ನಂತರ ಕ್ಲಾರಾ ಸರಿಮಾಡಿದ ಲೇಖನ ಕೊಡಲು ಹಳಿಯಾಳಕ್ಕೆ ಬಂದಳು. ಹೊಸ ಸಂಚಿಕೆಯ ಕಟ್ಟುಗಳು ಆಗಷ್ಟೇ ಪ್ರೆಸ್ಸಿನಿಂದ ಬಂದಿದ್ದವು. ನಾನು ವಿಳಾಸದ ಚೀಟಿ ಅಂಟಿಸುತ್ತಿದ್ದೆ, ಕುಲಕರ್ಣಿ ಸರ್ ಕಿಟಕಿಯ ಹತ್ತಿರ ಚಹ ಕುಡಿಯುತ್ತಿದ್ದರು. ಕ್ಲಾರಾ ಕಟ್ಟಿನ ಮೇಲಿನ ಪ್ರತಿ ಎತ್ತಿಕೊಂಡು, ಮುಖಪುಟ ನೋಡದೆ, ತಿರುಗಿಸಿ ಹಿಂದಿನಿಂದ ತೆರೆದಳು. ಕೊನೆಯ ಪುಟ ಬೆಳ್ಳಗೆ ಖಾಲಿ ಇತ್ತು. ಕೊನೆಯ ಗಳಿಗೆಯಲ್ಲಿ ಅದನ್ನು ತುಂಬಲು ನಮ್ಮ ಹತ್ತಿರ ಏನೂ ಇರಲಿಲ್ಲ.

ಅವಳು ಆ ಪುಟದ ಮೇಲೆ ಅಂಗೈ ಆಡಿಸಿ ನೋಡಿದಳು.

"ಸರ್, ಇಲ್ಲಿ ಏನೂ ಇಲ್ಲಲ್ರಿ."

"ಇಲ್ಲವಾ" ಎಂದರು ಕುಲಕರ್ಣಿ ಸರ್, ಕಿಟಕಿಯ ಕಡೆಯೇ ಮುಖ ಮಾಡಿಕೊಂಡು. "ಇನ್ನ ಮ್ಯಾಲೆ ಅಲ್ಲಿ ಏನೂ ಇರೂದಿಲ್ಲ."